ಪೇಪರ್ ಮುಟ್ಟದ ಬಟ್ಟಲು

ಅವನನ್ನು ಬೀದಿಯವರೆಲ್ಲ ಗಿರಗಿಟ್ಲೆ ಎಂದೇ ಕರೆಯುತ್ತಿದ್ದರು. ಮರದ ತುಂಡನ್ನು ಮೆಷಿನ್ನಿಗೆ ಸಿಕ್ಕಿಸಿ ಗಿರಗಿರ ತಿರುಗಿಸಿ ಬಟ್ಟಲು ಕಡೆಯುವವನಿಗೆ ಇದಕ್ಕಿಂತ ಒಳ್ಳೆಯ ಹೆಸರು ಯಾರಿಗೂ ಹೊಳೆದಿರಲಿಲ್ಲ. ಮೊದಮೊದಲು ಅವನಿಗೆ ಸಿಟ್ಟು ಬರುತ್ತಿತ್ತು. ಒಂದು ದಿನ ಅಂಚೆಯವನೂ ಅದೇ ಹೆಸರು ಕೂಗಿ ಕಾಗದ ಕೊಟ್ಟುಹೋದ ಮೇಲೆ, ಇನ್ನು ಸಿಟ್ಟು ಮಾಡಿಕೊಂಡು ಪ್ರಯೋಜನವಿಲ್ಲ ಎಂದು ಸುಮ್ಮನಾದ.

ಮನೆಯ ಮುಂದಿನ ಕೋಣೆಯೇ ಅವನ ಕಾರ್ಖಾನೆ. ಕಿಟಕಿಗೆ ಒತ್ತಿಕೊಂಡು ಮೆಷಿನ್ನು, ಅದರ ಎಡಕ್ಕೆ ಸಾಣೆ ಚಕ್ರ, ಬಲಕ್ಕೆ ಗೋಡೆಯುದ್ದಕ್ಕೂ ಹಲಗೆಯ ಶೆಲ್ಫು. ಆ ಕೋಣೆಯಿಂದ ಅಡುಗೆಮನೆಗೆ ಹೋಗಬೇಕೆಂದರೆ ಒಬ್ಬರು ಅಡ್ಡ ತಿರುಗಿ ನುಸುಳುವಷ್ಟು ಕಿರಿದಾದ ಜಾಗ ದಾಟಬೇಕು. ಆ ಜಾಗದಲ್ಲಿ ಒಂದು ಮಣೆ, ಮಣೆಯ ಮೇಲೆ ಅವನ ಹೆಂಡತಿ. ಮದುವೆಯಾಗಿ ಬಂದ ಎರಡನೆಯ ತಿಂಗಳಿಂದ ಅವಳು ಅಲ್ಲೇ ಕೂತು ಬಟ್ಟಲು ಉಜ್ಜುತ್ತಿದ್ದಳು.

ಕೆಲಸದ ಕ್ರಮ ಹೀಗಿತ್ತು. ಅವನು ಇಪ್ಪತ್ತು ನಿಮಿಷಕ್ಕೆ ಒಂದು ಬಟ್ಟಲು ಕಡೆದು, ಮೆಷಿನ್ನಿನಿಂದ ಬಿಚ್ಚಿ, ತಲೆ ತಿರುಗಿಸದೆ ಕೈ ಹಿಂದೆ ಚಾಚುತ್ತಿದ್ದ. ಅವಳು ಇಸಿದುಕೊಳ್ಳುತ್ತಿದ್ದಳು. ಅವಳ ಪಕ್ಕದಲ್ಲಿ ಹಳೆಯ ಮಿಕ್ಸಿಯ ಮೋಟಾರಿಗೆ ದುಂಡು ದಿಂಬು ಕಟ್ಟಿದ ಒಂದು ಸಾಧನ, ಅದಕ್ಕೆ ಸ್ಯಾಂಡ್ ಪೇಪರ್ ಅಂಟಿಸಿದ್ದು. ಬಟ್ಟಲಿನ ಹೊರಮೈ ಅದರಲ್ಲಿ, ಒಳಮೈ ಕೈಯಲ್ಲಿ. ಮೊದಲು ಒರಟು ಪೇಪರ್, ಆಮೇಲೆ ನಡುವಿನದು, ಕೊನೆಗೆ ನಯವಾದದ್ದು. ಒರಟು ಬಟ್ಟಲು ಅವಳ ಮಡಿಲಿಗೆ ಬಿದ್ದು ಕನ್ನಡಿಯಂತೆ ಎದ್ದು ಬರುತ್ತಿತ್ತು. ಬಟ್ಟಲು ಕೊಳ್ಳುವ ಅಂಗಡಿಯವನು ಅದರೊಳಗೆ ಬೆರಳಾಡಿಸಿ, "ನಿನ್ನ ಬಟ್ಟಲು ಬೆಣ್ಣೆ ಕಣಯ್ಯ" ಎನ್ನುತ್ತಿದ್ದ. ಗಿರಗಿಟ್ಲೆ ತಲೆ ಕೆರೆದುಕೊಂಡು, "ಏನೋ, ಕೈ ಅಭ್ಯಾಸ" ಎನ್ನುತ್ತಿದ್ದ. ಯಾರ ಕೈಯ ಅಭ್ಯಾಸ ಎಂದು ಇವನೂ ಹೇಳಲಿಲ್ಲ, ಅಂಗಡಿಯವನೂ ಕೇಳಲಿಲ್ಲ.

ಅವನ ಬಾಯಲ್ಲಿ ಸದಾ ಒಂದು ಮಾತು: "ಮಿಕ್ಕಿದ್ದನ್ನ ಪೇಪರ್ ನೋಡ್ಕೊಳ್ಳುತ್ತೆ." ಉಳಿ ಜಾರಿ ಗೆರೆ ಬಿತ್ತೋ, ಪೇಪರ್ ನೋಡಿಕೊಳ್ಳುತ್ತದೆ. ನಾರು ಕಿತ್ತು ಬಂದು ಒಳಗೆ ಗುಳಿ ಬಿತ್ತೋ, ಪೇಪರ್ ನೋಡಿಕೊಳ್ಳುತ್ತದೆ. ಪೇಪರ್ ಎಂದರೆ ಹೆಂಡತಿ ಎಂಬುದು ಇಬ್ಬರಿಗೂ ಗೊತ್ತಿದ್ದರೂ ಯಾರೂ ಅದನ್ನು ಬಿಡಿಸಿ ಹೇಳಿರಲಿಲ್ಲ.

ಅವನಿಗೆ ಈ ವಿದ್ಯೆ ಕಲಿಸಿದ್ದು ಅವನ ಸೋದರಮಾವ. ಮಹಾ ಕೋಪಿಷ್ಠ. ಮಾವನ ಬಟ್ಟಲಿಗೆ ಪೇಪರ್ ಬೇಕಾಗುತ್ತಿರಲಿಲ್ಲ, ಉಳಿಯಿಂದಲೇ ನುಣ್ಣಗೆ ಬರುತ್ತಿತ್ತು. ಕಲಿಯಲು ಬಂದ ಮೊದಲ ವಾರವೇ ಅವನು ಇವನನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು ತೋರಿಸಿದ್ದ. "ಲೋ, ಉಳಿಯ ಮೂತಿಯ ಹಿಂದೆ ಇಳಿಜಾರು ಇದೆಯಲ್ಲ, ಅದರ ಹಿಮ್ಮಡಿ ಮೊದಲು ಮರಕ್ಕೆ ತಾಗಬೇಕು. ಆಮೇಲೆ ನಿಧಾನವಾಗಿ ಮೂತಿ ಇಳೀಬೇಕು. ಕೈ ಆಡಿಸಬೇಡ, ಸೊಂಟ ತಿರುಗಿಸು. ಕೊನೇ ಸುತ್ತಿಗೆ ಮುಂಚೆ ಹೋಗಿ ಸಾಣೆ ಹಿಡ್ಕೊಂಡು ಬಾ. ಸೋಮಾರಿತನ ಮಾಡಿದ್ರೆ ಮರ ನಿನ್ನ ಮಾನ ಕಳೆಯುತ್ತೆ." ಮಾವ ಒಂದೇ ಒಂದು ಸುತ್ತು ಕಡೆಯಬೇಕಾದರೂ ಎದ್ದು ಸಾಣೆ ಚಕ್ರದ ಹತ್ತಿರ ಹೋಗುತ್ತಿದ್ದ. ಮಾವನಿಗೂ ಸಾಣೆ ಚಕ್ರಕ್ಕೂ ಮದುವೆಯಾಗಿದೆ ಎಂದು ಕಲಿಯುವವರೆಲ್ಲ ಹಿಂದಿನಿಂದ ನಗುತ್ತಿದ್ದರು. ಎಲ್ಲರಿಗಿಂತ ಜೋರಾಗಿ ನಕ್ಕವನು ಗಿರಗಿಟ್ಲೆ. ಮಾವ ತೀರಿಕೊಂಡ, ಇವನಿಗೆ ಮದುವೆಯಾಯಿತು, ಮನೆಗೆ ಉಜ್ಜುವ ಕೈ ಬಂತು. ಅಲ್ಲಿಗೆ ಮಾವನ ಪಾಠ ಗಾಳಿಗೆ ಹೋಯಿತು.

ಉಜ್ಜಲು ಕೂತ ಇಪ್ಪತ್ತಾರನೆಯ ವರ್ಷ ಅವಳಿಗೆ ಕೆಮ್ಮು ಹತ್ತಿತು. ಕೆಮ್ಮು ಯಾರಿಗೆ ಬರುವುದಿಲ್ಲ? ಬಿಸಿನೀರು ಕುಡಿದಳು, ಸಿರಪ್ಪು ಕುಡಿದಳು. ಅವರ ಒಬ್ಬಳೇ ಮಗಳು ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಅವಳು ಮೂರು ಬಗೆಯ ಮಾತ್ರೆ ತಂದುಕೊಟ್ಟಳು. ಕೆಮ್ಮು ಜಪ್ಪಯ್ಯ ಎನ್ನಲಿಲ್ಲ. ಬಟ್ಟೆ ಒಗೆದು ಮಹಡಿಗೆ ಒಣಹಾಕಲು ಹೋದವಳು ಮೆಟ್ಟಿಲ ಮಧ್ಯದಲ್ಲಿ ಕೂತು ಏದುಸಿರು ಬಿಡುತ್ತಿದ್ದುದನ್ನು ಮಗಳು ಒಂದು ಬೆಳಿಗ್ಗೆ ನೋಡಿದಳು. ಅವತ್ತೇ ಅಪ್ಪನಿಗೆ ಕೈಕೆಲಸ ಬಿಡಿಸಿ ಇಬ್ಬರನ್ನೂ ಎದೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು.

ಡಾಕ್ಟರು ಹೆಸರು, ವಯಸ್ಸು ಬರೆದುಕೊಂಡು ಕೇಳಿದರು. "ಏನು ಕೆಲಸ ಮಾಡ್ತೀರಮ್ಮ?"

"ಕೆಲಸ ಏನಿಲ್ಲ ಡಾಕ್ಟ್ರೇ. ಮನೇಲೇ ಇರ್ತೀನಿ."

"ಹೌದು, ಮನೇಲೇ" ಎಂದು ಗಿರಗಿಟ್ಲೆಯೂ ತಲೆಯಾಡಿಸಿದ. ಅವನು ಸುಳ್ಳು ಹೇಳಬೇಕೆಂದು ಹೇಳಲಿಲ್ಲ. ಅವನಿಗೆ ನಿಜವಾಗಿಯೂ ಹಾಗೇ ಅನ್ನಿಸಿತ್ತು.

ಡಾಕ್ಟರು ಅವಳ ಬೆರಳಿಗೆ ಕ್ಲಿಪ್ಪು ಹಾಕಲು ಕೈ ಹಿಡಿದರು. ಹಿಡಿದವರು ಬೆರಳನ್ನು ದೀಪದ ಕೆಳಗೆ ತಿರುಗಿಸಿ ನೋಡಿದರು. "ಇದೇನಮ್ಮ, ಬೆರಳಲ್ಲಿ ಗೆರೆಗಳೇ ಇಲ್ವಲ್ಲ?"

"ಅದು ಉಜ್ಜಿ ಉಜ್ಜಿ ಹಾಗಾಗಿದೆ."

"ಏನನ್ನ ಉಜ್ಜಿ?"

ಅವಳು ಗಂಡನ ಮುಖ ನೋಡಿದಳು. ಗಂಡ ನೆಲ ನೋಡಿದ. ಆಗ ಮಗಳು ಎಲ್ಲವನ್ನೂ ಹೇಳಿದಳು, ಮೋಟಾರು, ದಿಂಬು, ಹಿಟ್ಟಿನ ಹಾಗೆ ಏಳುವ ಧೂಳು, ಮಣೆ, ಕಿಟಕಿಯಿಲ್ಲದ ಆ ಕಿರಿದಾದ ಜಾಗ. ಹುಟ್ಟಿದಾಗಿನಿಂದ ನೋಡಿದ್ದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ಡಾಕ್ಟರು ಎದೆಯ ಫೋಟೋ ತೆಗೆಸಿ, ಬೆಳಕಿಗೆ ಹಿಡಿದು ತೋರಿಸಿದರು. "ಕೆಳಗಿನ ಭಾಗ ಗಟ್ಟಿಯಾಗಿಬಿಟ್ಟಿದೆ. ಹೋದದ್ದು ಹೋಯ್ತು, ಅದು ವಾಪಸ್ ಬರಲ್ಲ. ಇವತ್ತಿಂದ ಧೂಳು ಪೂರ್ತಿ ನಿಂತರೆ ಉಳಿದದ್ದು ಉಳೀಬಹುದು. ಉಳಿಯುತ್ತೆ ಅಂತ ಹೇಳ್ತಿಲ್ಲ, ಉಳೀಬಹುದು. ಧೂಳು ನಿಲ್ಲದಿದ್ರೆ ನನ್ನ ಹತ್ರ ಬರೋದೂ ದಂಡ."

ಬಸ್ಸಿನಲ್ಲಿ ಬರುವಾಗ ಅವಳು ಮೊದಲು ಕೇಳಿದ್ದು ತನ್ನ ಎದೆಯ ವಿಷಯವಲ್ಲ. "ರೀ, ಇನ್ಮೇಲೆ ಬಟ್ಟಲು ಯಾರು ಉಜ್ಜೋದು?"

"ಯಾರೂ ಉಜ್ಜಲ್ಲ. ಉಳೀಲೇ ನುಣ್ಣಗೆ ಮಾಡ್ತೀನಿ."

"ನೀವಾ?" ಎಂದು ಅವಳು ನಕ್ಕಳು. ಆ ನಗು ಕೆಮ್ಮಾಗಿ, ಮುಂದಿನ ಸೀಟಿನವರು ತಿರುಗಿ ನೋಡುವ ತನಕ ನಿಲ್ಲಲಿಲ್ಲ.

ಮನೆಗೆ ಬಂದವನೇ ಅವನು ಮೋಟಾರನ್ನು ಕಿತ್ತು ಗುಜರಿಗೆ ಹಾಕಿದ. ಪೇಪರ್ ಕಟ್ಟುಗಳನ್ನು ಒಲೆಗೆ ತುರುಕಿದ. ಮಣೆಯನ್ನು ಸಹ ಬಿಡದೆ ಒಡೆದು ಹಾಕಿದ. ಉಜ್ಜುವುದನ್ನು ಹೊರಗೆ ಯಾರಿಗಾದರೂ ಕೊಡಿ ಎಂದು ಮಗಳು ಹೇಳಿದಳು. "ಬೇರೆಯವರ ಎದೆ ಎದೆಯಲ್ವಾ?" ಎಂದು ಅವಳ ಮೇಲೆ ಎಗರಾಡಿದ. ದೊಡ್ಡ ಮಾತು. ಇಪ್ಪತ್ತಾರು ವರ್ಷ ಈ ಮಾತು ಎಲ್ಲಿ ಅಡಗಿ ಕೂತಿತ್ತೋ, ಅದನ್ನು ಮಾತ್ರ ಯಾರೂ ಕೇಳಲಿಲ್ಲ. ತಾನೇ ಉಜ್ಜೋಣವೆಂದರೆ ಧೂಳು ಎದ್ದು ಮನೆಯೆಲ್ಲ ಹರಡುತ್ತದೆ, ಇರುವುದೇ ಮೂರು ಕೋಣೆ. ಹಾಗಾಗಿ ಒಂದೇ ದಾರಿ ಉಳಿದಿತ್ತು. ಐವತ್ನಾಲ್ಕನೆಯ ವಯಸ್ಸಿನಲ್ಲಿ ಅವನು ಬಟ್ಟಲು ಕಡೆಯುವುದನ್ನು ಮೊದಲಿನಿಂದ ಕಲಿಯಬೇಕಾಯಿತು.

ಕಲಿಯುವುದು ಅಂದುಕೊಂಡಷ್ಟು ಸುಲಭವಿರಲಿಲ್ಲ. ಹಲಗೆಯಿಂದ ಕತ್ತರಿಸಿದ ಮರದ ತುಂಡು ತಿರುಗುವಾಗ ಪ್ರತಿ ಸುತ್ತಿಗೂ ಎರಡು ಕಡೆ ಉಳಿ ನಾರಿಗೆ ಎದುರಾಗುತ್ತದೆ. ಬೆಕ್ಕಿನ ಮೈಯನ್ನು ಬಾಲದಿಂದ ತಲೆಯ ಕಡೆಗೆ ಸವರಿದ ಹಾಗೆ, ಅಲ್ಲಿ ಎಲ್ಲವೂ ಎದ್ದು ನಿಲ್ಲುತ್ತದೆ. ಉಳಿ ಸ್ವಲ್ಪ ಮೊಂಡಾಗಿದ್ದರೂ ಮರ ಕತ್ತರಿಸುವುದಿಲ್ಲ, ಕಿತ್ತು ಬರುತ್ತದೆ. ಬಟ್ಟಲಿನ ಉಳಿದ ಮೈಯೆಲ್ಲ ಚೆನ್ನಾಗಿದ್ದು ಎದುರು ಬದುರಾಗಿ ಎರಡು ಕಡೆ ಮಾತ್ರ ಅಂಗೈಯಗಲ ಒರಟು ಕಲೆ. ಇಷ್ಟು ವರ್ಷ ಆ ಎರಡು ಕಲೆಗಳನ್ನು ಅವನು ಸರಿಯಾಗಿ ನೋಡಿಯೇ ಇರಲಿಲ್ಲ. ನೋಡುವ ಮೊದಲೇ ಬಟ್ಟಲು ಅವನ ಕೈಯಿಂದ ಹಿಂದಕ್ಕೆ ಹೋಗಿರುತ್ತಿತ್ತು.

ಮೊದಲ ವಾರ ಉಳಿಯನ್ನು ಒತ್ತಿ ಹಿಡಿದ. ಕಲೆ ಇನ್ನೂ ದೊಡ್ಡದಾಯಿತು. ಎರಡನೆಯ ವಾರ ಮೆಷಿನ್ನಿನ ವೇಗ ಹೆಚ್ಚಿಸಿದ. ತುಂಡು ಸಿಡಿದು ಕಿಟಕಿಯ ಗಾಜಿಗೆ ಬಡಿಯಿತು. ಆಮೇಲೆ ಮಾವನ ಮಾತು ಒಂದೊಂದಾಗಿ ನೆನಪಿಗೆ ಬರತೊಡಗಿತು. ಹೊರಮೈಯನ್ನು ಬುಡದಿಂದ ಅಂಚಿನ ಕಡೆಗೆ ಕಡೆಯಬೇಕು, ಒಳಮೈಯನ್ನು ಅಂಚಿನಿಂದ ನಡುವಿಗೆ. ಅವನು ಇಷ್ಟು ವರ್ಷ ಎರಡನ್ನೂ ಕೈಗೆ ಬಂದ ದಿಕ್ಕಿನಲ್ಲಿ ಕಡೆದಿದ್ದ. ದಿಕ್ಕು ಬದಲಾಯಿಸಿದ ಮೇಲೆ ಧೂಳಿನ ಬದಲು ಸುರುಳಿ ಬೀಳತೊಡಗಿತು, ಉದ್ದನೆಯ ಹಸಿ ಸುರುಳಿ. ಅದನ್ನು ನೋಡಿ ಚಿಕ್ಕ ಮಕ್ಕಳ ಹಾಗೆ ಹೆಂಡತಿಗೆ ಓಡಿಹೋಗಿ ತೋರಿಸಿದ. ಅವಳು ಸುರುಳಿಯನ್ನು ಎಳೆದು ನೋಡಿ, "ಬಟ್ಟಲು ತೋರಿಸಿ" ಎಂದಳು. ಬಟ್ಟಲಿನ ಒಳಗೆ ಕಲೆ ಹಾಗೇ ಇತ್ತು, ಸ್ವಲ್ಪ ಚಿಕ್ಕದಾಗಿತ್ತು ಅಷ್ಟೆ.

ಎರಡು ತಿಂಗಳ ಕೊನೆಗೆ ಧೈರ್ಯ ಮಾಡಿ ಒಂದು ಡಬ್ಬದ ತುಂಬ ಬಟ್ಟಲು ಅಂಗಡಿಗೆ ಕಳಿಸಿದ. ಮೂರನೆಯ ದಿನ ಡಬ್ಬ ಹಾಗೇ ವಾಪಸು ಬಂತು. ತಂದವನು ಅಂಗಡಿಯವನ ಮಾತನ್ನೂ ತಂದಿದ್ದ: "ಗಿರಗಿಟ್ಲೆಗೆ ಹುಷಾರಿಲ್ವಾ ಅಂತ ಕೇಳ್ಕೊಂಡು ಬಾ ಅಂದ್ರು." ಗಿರಗಿಟ್ಲೆ ಅವತ್ತು ಊಟ ಮಾಡಲಿಲ್ಲ, ಮರುದಿನವೂ ಮಾಡಲಿಲ್ಲ. ಮೆಷಿನ್ನಿನ ಮುಂದೆ ತಲೆ ಮೇಲೆ ಕೈ ಹೊತ್ತು ಕೂತ. "ಈ ಕೈ ಇನ್ನು ಯಾವುದಕ್ಕೂ ಬಾರದು ಕಣೇ" ಎಂದು ಹೆಂಡತಿಯ ಮುಂದೆ ಅತ್ತೇಬಿಟ್ಟ. ಅವನು ಅತ್ತದ್ದನ್ನು ಅವಳು ಅದೇ ಮೊದಲು ನೋಡಿದ್ದು. ಅವಳು ಅವನ ಬೆನ್ನು ಸವರಿ, "ಬರುತ್ತೆ ಬಿಡಿ. ಅದಕ್ಕೂ ಒಂದಿಷ್ಟು ಟೈಮ್ ಬೇಕಲ್ಲ" ಎಂದಳು.

ಆಮೇಲಿನ ವಾರ ಪವಾಡ ನಡೆಯಿತು.

ಅವನ ದಿನಚರಿ ಗಡಿಯಾರದ ಹಾಗೆ. ಬೆಳಿಗ್ಗೆ ಕಡೆದ ಬಟ್ಟಲುಗಳನ್ನು ಶೆಲ್ಫಿನಲ್ಲಿ ಸಾಲಾಗಿ ಇಟ್ಟು, ಊಟ ಮಾಡಿ, ಮಧ್ಯಾಹ್ನ ಮರದ ಮಿಲ್ಲಿಗೆ ತುಂಡು ಆರಿಸಲು ಹೋಗುವುದು, ಐದು ಗಂಟೆಗೆ ಬಂದು ಬಟ್ಟಲಿಗೆ ಎಣ್ಣೆ ಸವರುವುದು. ಆ ಸಂಜೆ ಎಣ್ಣೆ ಸವರಲು ಬಟ್ಟಲು ಎತ್ತಿಕೊಂಡರೆ ಒಳಗೆ ಕಲೆ ಕಾಣಲಿಲ್ಲ. ಬೆರಳಾಡಿಸಿದ. ನುಣ್ಣಗಿತ್ತು. ಬೆಳಿಗ್ಗೆ ನೋಡಿದಾಗ ಅಲ್ಲಿ ಒರಟಿತ್ತು ಎಂದು ಅವನಿಗೆ ಚೆನ್ನಾಗಿ ನೆನಪಿತ್ತು. ಇನ್ನೊಂದು ಎತ್ತಿಕೊಂಡ, ಮತ್ತೊಂದು ಎತ್ತಿಕೊಂಡ. ಎಲ್ಲವೂ ನುಣ್ಣಗೆ.

ಬುದ್ಧಿ ಇರುವ ಯಾರಾದರೂ ಇಲ್ಲಿ ಒಂದು ಗಳಿಗೆ ನಿಂತು ಯೋಚಿಸುತ್ತಿದ್ದರು. ಗಿರಗಿಟ್ಲೆ ಯೋಚಿಸಿದ, ಆದರೆ ಮರದ ಬಗ್ಗೆ ಯೋಚಿಸಿದ. ಹಸಿ ಮರ, ಈಗಷ್ಟೇ ಕಡೆದದ್ದು, ನೆರಳಲ್ಲಿ ಮೂರ್ನಾಲ್ಕು ತಾಸು ಅಲುಗಾಡದೆ ಕೂತರೆ ಎದ್ದ ನಾರು ತಾನಾಗಿ ಒರಗಿ ಮಲಗುತ್ತದೆ ಎಂದು ಲೆಕ್ಕ ಹಾಕಿದ. ಇದನ್ನು ಮಾವ ಸಹ ಕಂಡುಹಿಡಿದಿರಲಿಲ್ಲ ಎಂದು ಅವನಿಗೆ ಒಳಗೊಳಗೇ ಹೆಮ್ಮೆಯೂ ಆಯಿತು. ಬೇಕೆಂದದ್ದನ್ನು ಮನುಷ್ಯ ಎಷ್ಟು ಬೇಗ ನಂಬುತ್ತಾನೆ!

"ನೋಡೇ, ಮರಕ್ಕೂ ವಿಶ್ರಾಂತಿ ಬೇಕು" ಎಂದು ಹೆಂಡತಿಗೆ ವಿವರಿಸಿದ. ಅವಳು ಕಾಫಿ ಲೋಟ ಕೊಡುತ್ತ, "ಹೂಂ, ಇರಬಹುದು" ಎಂದಳು.

ಮುಂದಿನ ಡಬ್ಬ ವಾಪಸು ಬರಲಿಲ್ಲ. ಅದರ ಮುಂದಿನದೂ ಬರಲಿಲ್ಲ. ಅಂಗಡಿಯವನೇ ಒಂದು ದಿನ ಬಂದು, "ಈಗ ಹಳೇ ಕೈ ವಾಪಸ್ ಬಂತು ನೋಡಯ್ಯ" ಎಂದು ಬೆನ್ನು ತಟ್ಟಿದ. ಗಿರಗಿಟ್ಲೆಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮಿಲ್ಲಿನವರಿಗೆ, ಕ್ಷೌರದ ಅಂಗಡಿಯವನಿಗೆ, ಬಸ್ ನಿಲ್ದಾಣದಲ್ಲಿ ಸಿಕ್ಕಿದವರಿಗೆಲ್ಲ ಮರ ಮಲಗಿಸುವ ವಿದ್ಯೆ ಹೇಳಿದ. "ಗಿರಗಿಟ್ಲೆ ಬಟ್ಟಲಿಗೆ ಮಧ್ಯಾಹ್ನ ನಿದ್ದೆ ಮಾಡಿಸ್ತಾನಂತೆ, ಜೋಗುಳ ಯಾರಪ್ಪಾ ಹಾಡ್ತಾರೆ?" ಎಂದು ಮಿಲ್ಲಿನ ಗುಮಾಸ್ತ ತಮಾಷೆ ಮಾಡಿದ. ಇವನೂ ನಕ್ಕ. ಮೆಷಿನ್ನಿನ ಮುಂದೆ ಮೊದಲಿನ ಹಾಗೆ ಗೊಣಗುತ್ತ ಒಂದೇ ಬಟ್ಟಲನ್ನು ಹತ್ತು ಸಲ ಪ್ರಯತ್ನಿಸುವುದನ್ನು ನಿಲ್ಲಿಸಿದ. ಇನ್ನು ಕಲಿಯುವುದು ಏನಿದೆ? ಮಿಕ್ಕಿದ್ದನ್ನು ನೆರಳು ನೋಡಿಕೊಳ್ಳುತ್ತಿತ್ತು.

ಕೆಮ್ಮು ಮಾತ್ರ ಕಡಿಮೆಯಾಗಲಿಲ್ಲ. ಪವಾಡದ ಎರಡು ತಿಂಗಳ ನಂತರದ ಫೋಟೋದಲ್ಲಿ ಬಿಳಿ ಭಾಗ ಮೇಲೆ ಹತ್ತಿತ್ತು, ನಾಲ್ಕು ತಿಂಗಳ ನಂತರದ್ದರಲ್ಲಿ ಇನ್ನೂ ಮೇಲೆ. ಡಾಕ್ಟರು ಕನ್ನಡಕ ತೆಗೆದು ಅವನನ್ನು ನೋಡಿದರು. "ಧೂಳು ನಿಂತಿಲ್ಲ ಅಲ್ವಾ?"

"ಚೂರೂ ಧೂಳಿಲ್ಲ ಡಾಕ್ಟ್ರೇ! ಬೇಕಾದ್ರೆ ಬಂದು ನೋಡಿ. ಪೇಪರ್ ಅನ್ನೋದು ಮನೇಲಿ ಇಲ್ವೇ ಇಲ್ಲ!" ಅವನಿಗೆ ಕೆಟ್ಟ ಸಿಟ್ಟು ಬಂತು. ಅಷ್ಟು ಕಷ್ಟಪಟ್ಟು ಕಲಿತವನ ಮೇಲೆ ಅನುಮಾನವೇ? ಪಕ್ಕದಲ್ಲಿ ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೂತಿದ್ದಳು.

ಐದನೆಯ ತಿಂಗಳ ಒಂದು ಮಧ್ಯಾಹ್ನ ಮಿಲ್ಲಿನ ಗರಗಸದ ಬೆಲ್ಟು ಹರಿಯಿತು. ಇವತ್ತು ಏನೂ ಆಗುವುದಿಲ್ಲ ಎಂದು ಗುಮಾಸ್ತ ಎಲ್ಲರನ್ನೂ ಕಳಿಸಿಬಿಟ್ಟ. ಗಿರಗಿಟ್ಲೆ ಮೂರು ಗಂಟೆಗೇ ಮನೆಗೆ ಬಂದ. ಮುಂಬಾಗಿಲಿಗೆ ಚಿಲಕ ಹಾಕಿರಲಿಲ್ಲ. ಒಳಗೆ ಬಂದು ನೋಡಿದರೆ ಶೆಲ್ಫು ಖಾಲಿ. ಕಳ್ಳತನವೇ? ಬಟ್ಟಲು ಕದಿಯುವ ಕಳ್ಳ ಯಾರಿದ್ದಾನೆ? ಹೆಂಡತಿಯನ್ನು ಕೂಗಬೇಕೆಂದು ಬಾಯಿ ತೆರೆದವನಿಗೆ ಬಚ್ಚಲಿನ ಕಡೆಯಿಂದ ನಲ್ಲಿಯ ಸದ್ದು ಕೇಳಿಸಿತು. ಆ ಸದ್ದಿನ ಒಳಗೆ ಇನ್ನೊಂದು ಸದ್ದು, ಸರ್, ಸರ್, ಸರ್. ಒಮ್ಮೆ ನಿಂತು, ಒಂದು ಕೆಮ್ಮು, ಮತ್ತೆ ಸರ್, ಸರ್. ತನ್ನ ಬೆನ್ನ ಹಿಂದೆ ಇಪ್ಪತ್ತಾರು ವರ್ಷ ಕೇಳಿದ ಸದ್ದು ಅದು.

ಬಾಗಿಲು ತಳ್ಳಿದ. ಅವಳು ಬಕೆಟ್ಟು ಬೋರಲು ಹಾಕಿಕೊಂಡು ಅದರ ಮೇಲೆ ಕೂತಿದ್ದಳು. ಮೂಗು ಬಾಯಿಗೆ ಒದ್ದೆ ಬಟ್ಟೆ ಕಟ್ಟಿಕೊಂಡಿದ್ದಳು. ಮಡಿಲಲ್ಲಿ ಒಂದು ಬಟ್ಟಲು, ಗೋಡೆಯ ಪಕ್ಕ ಸಾಲಾಗಿ ಏಳು. ಕೈಯಲ್ಲಿ ಅವತ್ತು ಒಲೆಯಿಂದ ತಪ್ಪಿಸಿಕೊಂಡಿದ್ದ, ಸವೆದು ಬಟ್ಟೆಯ ಹಾಗಾಗಿದ್ದ ಒಂದು ತುಂಡು ಪೇಪರ್.

ಅವಳು ಕೈ ಚಾಚಿ ನಲ್ಲಿ ನಿಲ್ಲಿಸಿದಳು.

"ಎಷ್ಟು ದಿನದಿಂದ?" ಎಂದು ಕೇಳಿದ. ಅವನ ದನಿ ಅವನಿಗೇ ಬೇರೆ ಯಾರದೋ ಎನಿಸಿತು.

"ಆ ಡಬ್ಬ ವಾಪಸ್ ಬಂತಲ್ಲ, ಅದಾದ ವಾರದಿಂದ."

"ಎಲ್ಲಾ ಬಟ್ಟಲೂ?"

"ಪೂರ್ತಿ ಅಲ್ಲ ರೀ. ಒಳಗೆ ಆ ಎರಡು ಕಡೆ ಮಾತ್ರ. ಚೂರೇ ಚೂರು." ಉಸಿರು ಹಿಡಿಯಲು ಅವಳು ನಿಂತಳು. "ನೀರು ಬಿಟ್ಕೊಂಡೇ ಮಾಡ್ತಿದ್ದೆ. ಧೂಳು ಅಷ್ಟು ಏಳಲ್ಲ."

"ಡಾಕ್ಟ್ರು ಹೇಳಿದ್ದು ಕೇಳಿಸ್ಲಿಲ್ವೇನೇ ನಿಂಗೆ?"

"ಕೇಳಿಸ್ತು."

"ಮತ್ತೆ?"

"ನೀವು ಊಟ ಬಿಟ್ಟು ಕೂತ್ರಲ್ಲ" ಎಂದಳು. "ಒಂದೇ ಒಂದು ಸಲ ಅಂತ ಮಾಡ್ದೆ. ಆಮೇಲೆ ನೀವು ಮರ ಮಲಗುತ್ತೆ ಅಂತ ಅಷ್ಟು ಖುಷಿಯಾಗಿ ಎಲ್ಲರ ಹತ್ರ ಹೇಳ್ಕೊಂಡು ಓಡಾಡೋಕೆ ಶುರು ಮಾಡಿದ್ರಿ. ಅದಾದ್ಮೇಲೆ ನಾನು ಹೇಗ್ರೀ ಹೇಳೋದು?"

ಅವನು ಅವಳ ಕೈಯಿಂದ ಪೇಪರ್ ಕಿತ್ತುಕೊಂಡು ಹರಿದ. ಬಾಯಿಗೆ ಬಂದ ಹಾಗೆ ಬೈದ, ಅವಳನ್ನು ಬೈದ, ಅಂಗಡಿಯವನನ್ನು ಬೈದ, ಸತ್ತ ಮಾವನನ್ನೂ ಬಿಡಲಿಲ್ಲ. ಬೈಯುವುದು ಮುಗಿದ ಮೇಲೆ ಒದ್ದೆ ನೆಲದ ಮೇಲೆ ಅವಳ ಕಾಲ ಬಳಿ ಕೂತುಬಿಟ್ಟ. ಅವಳು ಅವನ ತಲೆಯ ಮೇಲೆ ಕೈ ಇಟ್ಟಳು. ಆ ಕೈಗೆ ಮರದ ವಾಸನೆ ಇತ್ತು.

ಸಂಜೆ ಮಗಳಿಗೆ ವಿಷಯ ತಿಳಿಯಿತು. ಅವಳು ಅಮ್ಮನಿಗೆ ಏನೂ ಅನ್ನಲಿಲ್ಲ. ಅಪ್ಪನ ಎದುರು ಬಂದು ನಿಂತಳು. "ಅಪ್ಪ, ಮರ ಮಲಗಿದ್ರೆ ನುಣ್ಣಗಾಗುತ್ತೆ ಅಂತ ಯಾರಾದ್ರೂ ನಂಬ್ತಾರಾ?"

"ನಾನು ನಂಬಿದ್ದೆ ಕಣಮ್ಮ" ಎಂದ ಅವನು. ಅದು ನಿಜವೇ ಆಗಿತ್ತು. ಮಗಳಿಗೆ ಅದಕ್ಕಿಂತ ಸಿಟ್ಟು ಬರಿಸುವ ಉತ್ತರ ಇನ್ನೊಂದಿರಲಿಲ್ಲ. ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಅವನನ್ನು ಕೊರೆದದ್ದು ಅವಳು ಕದ್ದು ಉಜ್ಜಿದ್ದು ಒಂದೇ ಅಲ್ಲ. ಆ ಐದು ತಿಂಗಳು ತಾನು ಏನೂ ಕಲಿಯಲಿಲ್ಲ ಎಂಬುದು. ಮೊದಲ ಎರಡು ತಿಂಗಳಲ್ಲಿ ದಿನಕ್ಕಷ್ಟು ಕಲೆ ಚಿಕ್ಕದಾಗುತ್ತ ಬಂದಿತ್ತು. ಹಾಗೇ ಬಿಡದೆ ಹಿಡಿದಿದ್ದರೆ? ಅವನು ಆ ಲೆಕ್ಕ ಹಾಕಲು ಹೋಗುತ್ತಿದ್ದ, ಅರ್ಧಕ್ಕೇ ಬಿಡುತ್ತಿದ್ದ. ಬೆಳಿಗ್ಗೆ ಎದ್ದು ಹಲ್ಲುಜ್ಜುವಾಗ ಮತ್ತೆ ಶುರುವಾಗುತ್ತಿತ್ತು.

ಮರುದಿನದಿಂದ ಮುಂದಿನ ಕೋಣೆಗೂ ಒಳಮನೆಗೂ ನಡುವಿನ ಬಾಗಿಲಿಗೆ ಅವನು ಬೀಗ ಹಾಕಿದ. ಬಟ್ಟಲು ಮೆಷಿನ್ನಿನಿಂದ ಇಳಿದ ಗಳಿಗೆಯಲ್ಲೇ ಕಿಟಕಿಯ ಬೆಳಕಿಗೆ ಹಿಡಿದು ನೋಡುವುದನ್ನು ಶುರು ಮಾಡಿದ. ಯಾವ ನೆರಳೂ ಇಲ್ಲ, ಯಾವ ನಿದ್ದೆಯೂ ಇಲ್ಲ, ಇರುವುದು ಇದ್ದ ಹಾಗೆ. ಎಂಟು ದಿನ ಕಲೆ ಹಾಗೇ ಇತ್ತು. ಒಂಬತ್ತನೆಯ ದಿನ ಒಂದು ಬಟ್ಟಲಿನ ಒಳಮೈ ಮುಗಿಸುವ ಮುಂಚೆ ಉಳಿಯ ಮೂತಿಯನ್ನು ಉಗುರಿಗೆ ತಾಗಿಸಿ ನೋಡಿದ. ಅದು ಜಾರಿತು. ಬೆಳಿಗ್ಗೆ ಸಾಣೆ ಹಿಡಿದ ಉಳಿ ಅದು, ಹೊರಮೈ ಕಡೆಯುವಷ್ಟರಲ್ಲೇ ಮೊಂಡಾಗಿತ್ತು. ಕೊನೆಯ ಸುತ್ತಿಗೆ ಮುಂಚೆ ಹೋಗಿ ಸಾಣೆ ಹಿಡಿದುಕೊಂಡು ಬಾ! ಮಾವ ಅಷ್ಟು ಸಲ ಕೂಗಿದ್ದು ಇದನ್ನೇ. ಉಳಿದದ್ದೆಲ್ಲ ನೆನಪಿಗೆ ಬಂದು, ತಾನು ಎಲ್ಲರಿಗಿಂತ ಜೋರಾಗಿ ನಕ್ಕಿದ್ದ ಈ ಮಾತೊಂದು ಮಾತ್ರ ಬಂದಿರಲಿಲ್ಲ.

ಮೆಷಿನ್ನು ನಿಲ್ಲಿಸಿದ. ನಾಲ್ಕು ಹೆಜ್ಜೆ ನಡೆದು ಸಾಣೆ ಹಿಡಿದ. ವಾಪಸು ಬಂದು ಕಾಲು ಅಗಲಿಸಿ ನಿಂತು, ಉಳಿಯನ್ನು ಪಕ್ಕೆಗೆ ಒತ್ತಿಕೊಂಡು, ಹಿಮ್ಮಡಿ ತಾಗಿಸಿ, ಮೂತಿ ಇಳಿಸಿ, ಅಂಚಿನಿಂದ ನಡುವಿನ ತನಕ ಸೊಂಟದಿಂದಲೇ ತಿರುಗಿದ. ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿನ ಸುರುಳಿ ಬಂತು. ಕಲೆಯ ಜಾಗದಲ್ಲಿ ಒಂದು ಮಸುಕು ಮಾತ್ರ ಉಳಿದಿತ್ತು. ಮತ್ತೆರಡು ದಿನ, ಸುರುಳಿಯನ್ನು ಇನ್ನೂ ತೆಳ್ಳಗೆ ಮಾಡುವ ತನಕ ಬಿಡಲಿಲ್ಲ. ಹನ್ನೊಂದನೆಯ ದಿನ ಬೆಳಿಗ್ಗೆ ಹತ್ತು ಗಂಟೆಗೆ ಮೆಷಿನ್ನಿನಿಂದ ಇಳಿದ ಬಟ್ಟಲಿನಲ್ಲಿ ಎಲ್ಲೂ ಏನೂ ಇರಲಿಲ್ಲ. ಕಿಟಕಿಯ ಸರಳುಗಳ ನೆರಳು ಅದರ ಒಳಮೈಯಲ್ಲಿ ಸೊಟ್ಟಾಗದೆ ಬಿದ್ದಿತ್ತು.

ಇಷ್ಟೇ ವಿಷಯ. ನಾಲ್ಕು ಹೆಜ್ಜೆ ನಡೆಯುವ ಸೋಮಾರಿತನ. ಹೇಳುವವರಿಗೇ ಮೈ ಉರಿಯುತ್ತದೆ, ಅವನಿಗೆ ಹೇಗಾಗಿರಬೇಡ? ಆದರೆ ಅವನಿಗೆ ಅವತ್ತು ಆ ಗಳಿಗೆಯಲ್ಲಿ ಹಾಗೇನೂ ಅನ್ನಿಸಲಿಲ್ಲ. ಸಂತೋಷ ಮಾತ್ರ ಆಯಿತು, ಹುಚ್ಚು ಸಂತೋಷ. ಬಾಗಿಲ ಬೀಗ ತೆಗೆದು, ಮೈಮೇಲಿನ ಸುರುಳಿಗಳನ್ನು ಸಹ ಕೊಡವದೆ ಒಳಗೆ ಓಡಿದ.

ಅವಳು ಆಗಲೇ ಹಾಸಿಗೆ ಹಿಡಿದಾಗಿತ್ತು. ಬಚ್ಚಲಿನ ವಿಷಯ ತಿಳಿದ ಮೇಲೆ ಡಾಕ್ಟರು ಬೈಯಲಿಲ್ಲ, ಅದೇ ಮಗಳನ್ನು ಹೆಚ್ಚು ಹೆದರಿಸಿತ್ತು. ಮನೆಗೆ ಆಮ್ಲಜನಕದ ಮೆಷಿನ್ನು ತರಿಸಲು ಚೀಟಿ ಬರೆದುಕೊಟ್ಟಿದ್ದರು. ಅದು ಮಂಚದ ಪಕ್ಕದಲ್ಲಿ ಗುಂಯ್ ಎನ್ನುತ್ತ ಕೂತಿತ್ತು. ಅದರ ಕೊಳವೆ ಅವಳ ಮೂಗಿಗೆ. ಸ್ನಾನಕ್ಕೆ ಹೋಗಿ ಬರುವಷ್ಟರಲ್ಲಿ ತುಟಿ ನೀಲಿಯಾಗುತ್ತಿತ್ತು. ಮಗಳು ಕೆಲಸಕ್ಕೆ ರಜೆ ಹಾಕಿ, ದಿಂಬು ಏರಿಸುವುದು ಇಳಿಸುವುದು ಮಾಡುತ್ತಿದ್ದಳು.

"ನೋಡೇ, ನೋಡು! ಈಗಷ್ಟೇ ಇಳಿಸಿದ್ದು. ಪೇಪರ್ ಮುಟ್ಟಿಸಿಲ್ಲ, ಏನೂ ಮುಟ್ಟಿಸಿಲ್ಲ" ಎಂದು ಅವಳ ಕೈಗೆ ಬಟ್ಟಲು ಕೊಟ್ಟ.

ಅವಳು ದಿಂಬಿಗೆ ಒರಗಿಕೊಂಡು ಬಟ್ಟಲನ್ನು ಎರಡು ಕೈಯಲ್ಲೂ ಹಿಡಿದಳು. ಕಿಟಕಿಯ ಕಡೆ ತಿರುಗಿಸಿದಳು. ಒಳಗೆ ಕೈ ಹಾಕಿ ನಿಧಾನವಾಗಿ ಒಂದು ಸುತ್ತು ತಂದಳು, ಆ ಎರಡು ಜಾಗಗಳಲ್ಲಿ ಸ್ವಲ್ಪ ನಿಂತು, ಮತ್ತೊಂದು ಸುತ್ತು ತಂದಳು. ಅವನು ಎಷ್ಟೇ ಬಟ್ಟಲು ಕಡೆದಿರಬಹುದು, ಆದರೆ ಬಟ್ಟಲು ಹೇಗಿದೆ ಎಂದು ಹೇಳಬಲ್ಲವಳು ಅವಳೊಬ್ಬಳೇ. ಅವನು ಪರೀಕ್ಷೆ ಬರೆದ ಹುಡುಗನ ಹಾಗೆ ಮಂಚದ ಪಕ್ಕ ನಿಂತಿದ್ದ.

"ನನ್ನ ಕೈಯಲ್ಲೂ ಇಷ್ಟು ಚೆನ್ನಾಗಿ ಬಂದಿಲ್ಲ" ಎಂದಳು.

ಅವನ ಕಣ್ಣು ತುಂಬಿತು. ಮಗಳೂ ಬಗ್ಗಿ ಬಟ್ಟಲಿನೊಳಗೆ ಬೆರಳಿಟ್ಟು ನೋಡಿದಳು. ಹನ್ನೊಂದು ದಿನಗಳಲ್ಲಿ ಅವಳು ಅಪ್ಪನ ಮುಖ ನೋಡಿ ನಕ್ಕಿದ್ದು ಅದೇ ಮೊದಲು.

"ರೀ, ಇದನ್ನ ಕಲಿಯೋಕೆ ಒಟ್ಟು ಎಷ್ಟು ದಿನ ಹಿಡೀತು?" ಎಂದು ಹೆಂಡತಿ ಕೇಳಿದಳು.

ಅವನು ಹುರುಪಿನಿಂದ ಬೆರಳು ಮಡಿಸಿದ. "ಮಧ್ಯದ ಐದು ತಿಂಗಳು ಬಿಡು, ಅದು ಲೆಕ್ಕಕ್ಕಿಲ್ಲ. ಮೊದಲ ಎರಡು ತಿಂಗಳು, ಈಗ ಹನ್ನೊಂದು ದಿನ. ಎಷ್ಟಾಯ್ತು? ಎರಡೂವರೆ ತಿಂಗಳೂ ಇಲ್ಲ ನೋಡು!"

ಹೇಳಿ ಮುಗಿಸುವ ತನಕ ಅವನಿಗೆ ಇಪ್ಪತ್ತಾರು ವರ್ಷ ಉಜ್ಜಿದವಳ ಮುಂದೆ ತಾನು ಏನು ಹೇಳುತ್ತಿದ್ದೇನೆಂದು ಗೊತ್ತಾಗಲಿಲ್ಲ. ಮಗಳು ಬಟ್ಟಲಿನಿಂದ ಕೈ ತೆಗೆದಳು.

"ಅಷ್ಟೇನಾ?" ಎಂದಳು ಹೆಂಡತಿ.

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅವನು ಕಾಲು ಹಿಡಿದುಕೊಳ್ಳುತ್ತಿದ್ದ. ಅವಳು ನಿಜವಾಗಿಯೂ ಕೇಳಿದ್ದಳು, ಉತ್ತರಕ್ಕಾಗಿ ಅವನ ಮುಖ ನೋಡುತ್ತಿದ್ದಳು. ಇಲ್ಲ, ತಪ್ಪು ಹೇಳಿದೆ, ವರ್ಷಗಟ್ಟಲೆ ಬೇಕು, ಇದು ಎಲ್ಲರ ಕೈಗೆ ಬರುವುದಿಲ್ಲ ಎಂದು ಒಂದು ಸುಳ್ಳು ಹೇಳಿದ್ದರೂ ಅವಳು ನಂಬುತ್ತಿದ್ದಳು. ಅವನಿಗೆ ಅದು ಹೊಳೆಯುವಷ್ಟರಲ್ಲಿ ಅವಳು ಬಟ್ಟಲನ್ನು ಅವನ ಕೈಗೆ ವಾಪಸು ಕೊಟ್ಟು, ಮೂಗಿನ ಕೊಳವೆ ಸರಿಮಾಡಿಕೊಂಡು, ಗೋಡೆಯ ಕಡೆ ತಿರುಗಿ ಮಲಗಿದ್ದಳು.